ಬಾರ್‌ಬೆಲ್ ತರಬೇತಿಯ ಮೊದಲ ವರ್ಷ: ನಾಲ್ಕು ಕಾರ್ಯಕ್ರಮಗಳಲ್ಲಿ ಯಾವುದು?

ಪ್ರಶ್ನೆ: ನನಗೆ 26 ವರ್ಷ, ಎತ್ತರ 172 ಸೆಂ.ಮೀ., ತೂಕ 58 ಕೆ.ಜಿ. ದಾವಣಗೆರೆಯಲ್ಲಿ ಬ್ಯಾಂಕ್ ಕೆಲಸ. ಎಂಟು ತಿಂಗಳಿಂದ ಜಿಮ್‌ಗೆ ಹೋಗುತ್ತಿದ್ದೇನೆ. ಸೋಮವಾರ ಚೆಸ್ಟ್, ಮಂಗಳವಾರ ಬ್ಯಾಕ್, ಬುಧವಾರ ಶೋಲ್ಡರ್ ಎಂದು ಟ್ರೈನರ್ ಹಾಕಿಕೊಟ್ಟ ಚಾರ್ಟನ್ನೇ ಮಾಡುತ್ತಿದ್ದೇನೆ. ಮೊದಲ ತಿಂಗಳು 35 ಕೆ.ಜಿ. ಇದ್ದ ಬೆಂಚ್ ಪ್ರೆಸ್ ಈಗ 40 ಆಗಿದೆ, ಅಷ್ಟೆ. ಸ್ಕ್ವಾಟ್ ಮಾಡುವುದು ಸ್ಮಿತ್ ಮಷೀನ್‌ನಲ್ಲಿ ಮಾತ್ರ. ಶಕ್ತಿಯೂ ಬೇಕು, ಮೈಯೂ ತುಂಬಿಕೊಳ್ಳಬೇಕು. ಸ್ಟಾರ್ಟಿಂಗ್ ಸ್ಟ್ರೆಂತ್, ಸ್ಟ್ರಾಂಗ್‌ಲಿಫ್ಟ್ಸ್ 5×5, ಜಿಝೆಡ್‌ಸಿಎಲ್‌ಪಿ, 5/3/1 ಎಂಬ ನಾಲ್ಕು ಹೆಸರುಗಳನ್ನು ಓದಿ ಗೊಂದಲವಾಗಿದೆ. ನಮ್ಮ ಬೀದಿಯ ಗರಡಿಯ ಉಸ್ತಾದರು ದಂಡ, ಬಸ್ಕಿ ಹೊಡೆದರೆ ಸಾಕು ಎನ್ನುತ್ತಾರೆ. ವಾರಕ್ಕೆ ಮೂರು ಸಂಜೆ, ದಿನಕ್ಕೆ ಒಂದು ಗಂಟೆ ಸಿಗುತ್ತದೆ. ಮೊಟ್ಟೆ ತಿನ್ನುತ್ತೇನೆ, ಮಾಂಸ ಇಲ್ಲ. ಬೆಲ್ಟ್ ಕೊಳ್ಳಬೇಕೇ ಎಂಬುದನ್ನೂ ತಿಳಿಸಿ.

ಉತ್ತರ: ನೇರ ಉತ್ತರವನ್ನು ಮೊದಲೇ ಕೊಡುತ್ತೇನೆ. ನೀವು ಬರೆದಿರುವ ತೂಕ, ಸಮಯ ಮತ್ತು ಗುರಿಗಳನ್ನು ನೋಡಿದರೆ ಆ ನಾಲ್ಕರಲ್ಲಿ ಜಿಝೆಡ್‌ಸಿಎಲ್‌ಪಿ ನಿಮಗೆ ಹೆಚ್ಚು ಹೊಂದುತ್ತದೆ. ಇದಕ್ಕೆ ಕಾರಣ ಅದರಲ್ಲಿರುವ ವ್ಯಾಯಾಮಗಳಲ್ಲ. ನಾಲ್ಕರಲ್ಲೂ ರಾಡ್ ಹೊತ್ತು ಕೂತೇಳುವ ಸ್ಕ್ವಾಟ್, ಮಲಗಿ ಎದೆಯಿಂದ ಮೇಲಕ್ಕೆ ತಳ್ಳುವ ಬೆಂಚ್ ಪ್ರೆಸ್, ನೆಲದಿಂದ ರಾಡ್ ಎತ್ತಿ ನಿಲ್ಲುವ ಡೆಡ್‌ಲಿಫ್ಟ್ ಮತ್ತು ನಿಂತು ತಲೆಯ ಮೇಲಕ್ಕೆ ಎತ್ತುವ ಓವರ್‌ಹೆಡ್ ಪ್ರೆಸ್ ಇದ್ದೇ ಇವೆ. ಹೊಸಬರ ಕಾರ್ಯಕ್ರಮವನ್ನು ಆರಿಸುವಾಗ ಅದು ಭಾರ ಏರಿಸುವುದನ್ನು ಹೇಗೆ ಹೇಳುತ್ತದೆ ಎಂಬುದಕ್ಕಿಂತ, ಭಾರ ಏರದೆ ನಿಂತ ದಿನ ಏನು ಮಾಡಬೇಕೆಂದು ಹೇಳುತ್ತದೆ ಎಂಬುದನ್ನು ನೋಡಬೇಕೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಮೊದಲ ಆರು ವಾರ ಯಾವ ಪಟ್ಟಿ ಹಿಡಿದರೂ ಭಾರ ಏರುತ್ತದೆ, ಪಟ್ಟಿಗಳ ನಡುವಿನ ವ್ಯತ್ಯಾಸ ಗೋಚರಿಸುವುದು ಆಮೇಲೆ.

ಈಗಿನ ಚಾರ್ಟಿನ ದೋಷ ಏನೆಂಬುದನ್ನು ಸರಿಯಾಗಿ ಗುರುತಿಸಿಕೊಳ್ಳಿ. ಚೆಸ್ಟ್ ಡೇ, ಬ್ಯಾಕ್ ಡೇ ಎಂದು ವಿಂಗಡಿಸುವುದೇ ತಪ್ಪೆಂದು ಹೇಳುವವರಿದ್ದಾರೆ. ಅನುಭವಿಗಳು ಆ ಪದ್ಧತಿಯಲ್ಲೂ ಚೆನ್ನಾಗಿ ಬೆಳೆಯುತ್ತಾರೆ. ನಿಮ್ಮ ಚಾರ್ಟಿನಲ್ಲಿ ಬಹುಶಃ ವ್ಯಾಯಾಮದ ಹೆಸರು, ಅದರ ಮುಂದೆ ‘3 ಸೆಟ್, 12 ರೆಪ್’ ಎಂದಷ್ಟೇ ಬರೆದಿದೆ (ಒಂದು ಸಲ ಎತ್ತಿಳಿಸುವುದು ಒಂದು ರೆಪ್, ವಿರಾಮವಿಲ್ಲದೆ ಮಾಡುವ ರೆಪ್‌ಗಳ ಗುಂಪು ಒಂದು ಸೆಟ್). ಮುಂದಿನ ಸೋಮವಾರ ಎಷ್ಟು ಕೆ.ಜಿ. ಎಂಬ ಕಾಲಂ ಇರಲಾರದು. ಭಾರವನ್ನು ಆ ದಿನದ ಉತ್ಸಾಹಕ್ಕೆ ಬಿಟ್ಟರೆ ಎಂಟು ತಿಂಗಳಲ್ಲಿ 5 ಕೆ.ಜಿ. ಏರುವುದು ಆಶ್ಚರ್ಯವೇನಲ್ಲ. ಜೊತೆಗೆ ಬೆಂಚ್ ಪ್ರೆಸ್ ನಿಮ್ಮ ಕೈಗೆ ಬರುವುದು ವಾರಕ್ಕೆ ಒಂದೇ ಸಲ. ಒಂದು ಸೋಮವಾರ ರಜೆ ಹಾಕಿದಿರೆಂದರೆ ಎರಡು ಭೇಟಿಗಳ ನಡುವೆ ಹದಿನಾಲ್ಕು ದಿನಗಳ ಅಂತರ ಬೀಳುತ್ತದೆ, ಕಲಿತ ಚಲನೆ ಅಷ್ಟರಲ್ಲಿ ಅರ್ಧ ಮರೆತುಹೋಗಿರುತ್ತದೆ.

ಭಾರವನ್ನು ಅಳತೆಯಿಟ್ಟು ಏರಿಸುವ ಪದ್ಧತಿಗೆ ವೈದ್ಯಕೀಯದಲ್ಲಿ ಗಟ್ಟಿ ನೆಲೆ ಸಿಕ್ಕಿದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್ ಅವರು ಗಾಯಗೊಂಡ ಸೈನಿಕರ ಸೊರಗಿದ ತೊಡೆಗಳಿಗೆ ಹಗುರ ವ್ಯಾಯಾಮದ ಬದಲು ಭಾರದ ವ್ಯಾಯಾಮ ಮಾಡಿಸಿ, ಅದರ ವಿವರಗಳನ್ನು 1945ರಲ್ಲಿ ಪ್ರಕಟಿಸಿದರು. ಹತ್ತು ಸಲ ಮಾತ್ರ ಎತ್ತಬಲ್ಲಷ್ಟು ಭಾರವನ್ನು ಗುರುತಿಸುವುದು, ಅದರ ಅರ್ಧ, ಮುಕ್ಕಾಲು ಮತ್ತು ಪೂರ್ಣ ಭಾರದಲ್ಲಿ ತಲಾ ಒಂದು ಸೆಟ್ ಮಾಡಿಸುವುದು, ಸ್ನಾಯು ಬಲಿತಂತೆ ಆ ಭಾರವನ್ನು ಮತ್ತೆ ಅಳೆದು ಏರಿಸುವುದು ಎಂಬ ಕ್ರಮಕ್ಕೆ ಅವರು ಕೆಲವೇ ವರ್ಷಗಳಲ್ಲಿ ಬಂದರು. ಇಂದು ನೀವು ಹೆಸರಿಸಿರುವ ನಾಲ್ಕೂ ಕಾರ್ಯಕ್ರಮಗಳ ತಿರುಳು ಅದೇ.

ಹೊಸಬರಿಗೆ ಈ ಏರಿಕೆ ಬೇಗ ಸಾಧ್ಯವಾಗುವುದಕ್ಕೆ ಕಾರಣವಿದೆ. ಮೊದಲ ಕೆಲವು ವಾರ ಹೆಚ್ಚಾಗುವ ಶಕ್ತಿಯಲ್ಲಿ ದೊಡ್ಡ ಪಾಲು ನರಮಂಡಲದ್ದು. ಇರುವ ಸ್ನಾಯುವನ್ನೇ ಮೆದುಳು ಹೆಚ್ಚು ಪೂರ್ಣವಾಗಿ, ಹೆಚ್ಚು ಹೊಂದಾಣಿಕೆಯಿಂದ ದುಡಿಸಲು ಕಲಿಯುತ್ತದೆ. ಕನ್ನಡಿಯಲ್ಲಿ ಕಾಣುವಂಥ ಬೆಳವಣಿಗೆ ಅದರ ಹಿಂದೆ ನಿಧಾನವಾಗಿ ಬರುತ್ತದೆ. ಎತ್ತುವ ಭಾರವೂ ಇನ್ನೂ ಕಡಿಮೆಯಾದ್ದರಿಂದ ಒಂದು ದಿನ ಬಿಟ್ಟು ಮರುದಿನಕ್ಕೆ ದೇಹ ಚೇತರಿಸಿಕೊಂಡಿರುತ್ತದೆ. ಎಂಟು ತಿಂಗಳಾದರೂ ನೀವಿನ್ನೂ ಈ ಅರ್ಥದಲ್ಲಿ ಹೊಸಬರೇ, ಆದ್ದರಿಂದ ಆ ಲಾಭ ನಿಮಗೆ ಬಾಕಿಯಿದೆ.

ಉಸ್ತಾದರ ಮಾತನ್ನು ತಳ್ಳಿಹಾಕುವಂತಿಲ್ಲ, ಅದರಲ್ಲೂ ಕುಸ್ತಿಗೆ ಹೆಸರಾದ ನಿಮ್ಮ ಊರಿನಲ್ಲಿ. ದಂಡ, ಬಸ್ಕಿಗಳಿಂದ ಭುಜ, ಸೊಂಟ, ತೊಡೆಗಳಲ್ಲಿ ಬರುವ ತಾಳಿಕೆ ಜಿಮ್ ಹುಡುಗರಲ್ಲಿ ಅಪರೂಪ. ಆದರೆ ಅಲ್ಲಿ ಏರುವುದು ಎಣಿಕೆ. ಭಾರ ನಿಮ್ಮ ದೇಹದ್ದೇ ಆಗಿರುತ್ತದೆ. ಇಪ್ಪತ್ತು ಬಸ್ಕಿ ಇನ್ನೂರಾದಾಗ ಹೆಚ್ಚುವುದು ಮುಖ್ಯವಾಗಿ ದಣಿಯದೆ ಮುಂದುವರಿಯುವ ಸಾಮರ್ಥ್ಯ, ಒಂದೇ ಸಲಕ್ಕೆ ದೊಡ್ಡ ಭಾರ ಎತ್ತುವ ಶಕ್ತಿ ಅಲ್ಲ. ಕುಸ್ತಿಪಟುವಿಗೆ ಎರಡನೆಯದು ಗದೆ, ಕಲ್ಲು ಮತ್ತು ಎದುರಾಳಿಯ ಮೈಭಾರದಿಂದ ದೊರೆಯುತ್ತದೆ, ನೀವು ಅಖಾಡಕ್ಕೆ ಇಳಿಯುವವರಲ್ಲ. ಬೆಚ್ಚಗಾಗಲು ಹತ್ತು ಹದಿನೈದು ಬಸ್ಕಿ ಹೊಡೆದು ರಾಡಿನ ಕೆಳಗೆ ಹೋಗಿ, ಉಸ್ತಾದರೂ ಬೇಸರಿಸುವುದಿಲ್ಲ.

ಈಗ ನಾಲ್ಕು ಕಾರ್ಯಕ್ರಮಗಳನ್ನು ನೋಡೋಣ.

ಟೆಕ್ಸಾಸಿನ ತರಬೇತುದಾರ ಮಾರ್ಕ್ ರಿಪ್ಪಟೋ ಅವರ ಸ್ಟಾರ್ಟಿಂಗ್ ಸ್ಟ್ರೆಂತ್ 2005ರಿಂದ ಪ್ರಚಾರದಲ್ಲಿದೆ. ಪ್ರತಿ ಸಲ ಸ್ಕ್ವಾಟ್ ಐದು ರೆಪ್‌ಗಳ ಮೂರು ಸೆಟ್. ಒಂದು ಭೇಟಿಗೆ ಬೆಂಚ್ ಪ್ರೆಸ್, ಮರುಭೇಟಿಗೆ ಓವರ್‌ಹೆಡ್ ಪ್ರೆಸ್. ಡೆಡ್‌ಲಿಫ್ಟ್ ಐದು ರೆಪ್‌ಗಳ ಒಂದೇ ಸೆಟ್. ಇಷ್ಟು ಸರಳವಾದ, ಸಮಯ ಉಳಿಸುವ ಪಟ್ಟಿ ಇನ್ನೊಂದಿಲ್ಲ. ಬರೀ ಶಕ್ತಿ ಸಾಕೆನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ನಿಮಗೆ ಹೇಳದಿರಲು ಕಾರಣ, ಬೆನ್ನಿನ ಮೇಲ್ಭಾಗಕ್ಕೂ ತೋಳಿಗೂ ಆರಂಭದಲ್ಲಿ ಇದರಲ್ಲಿ ಕೆಲಸ ತೀರ ಕಡಿಮೆ. ವಾರಕ್ಕೆ ಒಂಬತ್ತು ಸೆಟ್ ಸ್ಕ್ವಾಟ್ ಆದರೆ ಬೆಂಚ್ ಸರಾಸರಿ ನಾಲ್ಕೂವರೆ ಸೆಟ್ ಮಾತ್ರ. ಮೈ ತುಂಬಿಕೊಳ್ಳಬೇಕೆಂಬ ಆಸೆ ತೊಡೆಗೆ ಈಡೇರುತ್ತದೆ, ಅಂಗಿಯ ತೋಳಿಗೆ ಅಷ್ಟಾಗಿ ಈಡೇರದು.

ಐದು ಸೆಟ್, ಐದು ರೆಪ್ ಎಂಬ ಲೆಕ್ಕವನ್ನು ಬಿಲ್ ಸ್ಟಾರ್ ಅವರು 1976ರಲ್ಲಿ ಅಮೆರಿಕನ್ ಫುಟ್‌ಬಾಲ್ ಆಟಗಾರರಿಗಾಗಿ ಬರೆದು ಹೆಸರುವಾಸಿ ಮಾಡಿದರು. ಸ್ಟ್ರಾಂಗ್‌ಲಿಫ್ಟ್ಸ್ ಅದರ ಈಚಿನ, ಸರಳಗೊಳಿಸಿದ ರೂಪ. ಒಂದು ದಿನ ಸ್ಕ್ವಾಟ್, ಬೆಂಚ್, ರೋ (ಬಾಗಿ ನಿಂತು ರಾಡನ್ನು ಮೈಯತ್ತ ಎಳೆಯುವುದು); ಮರುಭೇಟಿಗೆ ಸ್ಕ್ವಾಟ್, ಓವರ್‌ಹೆಡ್ ಪ್ರೆಸ್, ಡೆಡ್‌ಲಿಫ್ಟ್. ಡೆಡ್‌ಲಿಫ್ಟ್ ಬಿಟ್ಟು ಉಳಿದದ್ದೆಲ್ಲ 5×5, ಪ್ರತಿ ಸಲ 2.5 ಕೆ.ಜಿ. ಏರಿಕೆ, ಡೆಡ್‌ಲಿಫ್ಟ್‌ಗೆ 5 ಕೆ.ಜಿ. ವಾರಕ್ಕೆ ಮೂರು ಸಲ ಸ್ಕ್ವಾಟ್ ಎಂದರೆ ವಾರಕ್ಕೆ 7.5 ಕೆ.ಜಿ.; ಖಾಲಿ ರಾಡಿನ 20 ಕೆ.ಜಿ.ಯಿಂದ ಹೊರಟವರು ಎಂಟು ವಾರದಲ್ಲಿ 80ಕ್ಕೆ ಬರುತ್ತಾರೆ. ಕಾಗದದ ಮೇಲೆ ಇದು ಆಕರ್ಷಕ. 58 ಕೆ.ಜಿ. ಮೈತೂಕದವರು 80 ಕೆ.ಜಿ.ಯನ್ನು ಬೆನ್ನಿಗೆ ಹೊತ್ತು ವಾರಕ್ಕೆ ಮೂರು ದಿನ, ದಿನಕ್ಕೆ ಇಪ್ಪತ್ತೈದು ಸಲ ಕೂತೇಳುವುದು ಬೇರೆ ಮಾತು. ಸೆಟ್‌ಗಳ ನಡುವೆ ಮೂರು ನಿಮಿಷ ವಿರಾಮ ಕೊಟ್ಟರೆ ಸ್ಕ್ವಾಟ್ ಒಂದಕ್ಕೇ ಹದಿನೆಂಟು ನಿಮಿಷ ಹೋಗುತ್ತದೆ. ಭಾರ ಹೆಚ್ಚಾದಂತೆ ಐದು ನಿಮಿಷದ ವಿರಾಮ ಬೇಕಾಗುತ್ತದೆ, ನಿಮ್ಮ ಒಂದು ಗಂಟೆ ಸಾಲದೆ ಬರುತ್ತದೆ.

5/3/1 ಪವರ್‌ಲಿಫ್ಟರ್ ಜಿಮ್ ವೆಂಡ್ಲರ್ ಅವರು 2009ರಲ್ಲಿ ಹೊರತಂದ ಪದ್ಧತಿ. ನಿಮ್ಮ ಗರಿಷ್ಠ ಭಾರದ ಶೇ 90ನ್ನು ಆಧಾರವಾಗಿ ಹಿಡಿದು, ಅದರ ಶೇಕಡಾವಾರು ಲೆಕ್ಕದಲ್ಲಿ ವಾರವಾರವೂ ಎತ್ತುತ್ತ, ತಿಂಗಳಿಗೊಮ್ಮೆ ಆ ಆಧಾರವನ್ನು ಕಾಲಿನ ವ್ಯಾಯಾಮಕ್ಕೆ 5 ಕೆ.ಜಿ., ದೇಹದ ಮೇಲ್ಭಾಗದ ವ್ಯಾಯಾಮಕ್ಕೆ 2.5 ಕೆ.ಜಿ.ಯಂತೆ ಏರಿಸಲಾಗುತ್ತದೆ. ಎರಡು ಮೂರು ವರ್ಷ ಪಳಗಿದವರಿಗೆ ಇದು ಬಹಳ ಒಳ್ಳೆಯದು. ನೀವು ಮಾತ್ರ ವಾರದಲ್ಲಿ ಗಳಿಸಬಹುದಾದದ್ದಕ್ಕೆ ತಿಂಗಳು ಕಾಯಬೇಕಾಗುತ್ತದೆ. ಮುಂದಿನ ವರ್ಷಕ್ಕೆ ಎತ್ತಿಡಿ.

ಉಳಿದದ್ದು ಜಿಝೆಡ್‌ಸಿಎಲ್‌ಪಿ. ಇದರಲ್ಲಿ ದಿನಕ್ಕೆ ಮೂರು ಸ್ತರಗಳಿವೆ. ಮೊದಲ ಸ್ತರದಲ್ಲಿ ಒಂದು ಮುಖ್ಯ ವ್ಯಾಯಾಮ, ಹೆಚ್ಚಿನ ಭಾರ, ಮೂರು ರೆಪ್‌ಗಳ ಐದು ಸೆಟ್. ಕೊನೆಯ ಸೆಟ್ಟಿನಲ್ಲಿ ಭಂಗಿ ಕೆಡದೆ ಆಗುವಷ್ಟು. ಎರಡನೆಯ ಸ್ತರದಲ್ಲಿ ಇನ್ನೊಂದು ಮುಖ್ಯ ವ್ಯಾಯಾಮ, ಹಗುರ ಭಾರ, ಹತ್ತು ರೆಪ್‌ಗಳ ಮೂರು ಸೆಟ್. ಮೂರನೆಯದರಲ್ಲಿ ಬೆನ್ನಿಗಾಗಿ ಲ್ಯಾಟ್ ಪುಲ್‌ಡೌನ್ (ಮೇಲಿನ ಹಿಡಿಯನ್ನು ಕೆಳಕ್ಕೆ ಎಳೆಯುವ ಯಂತ್ರ) ಅಥವಾ ಡಂಬೆಲ್ ರೋ, ಹದಿನೈದು ರೆಪ್‌ಗಳ ಮೂರು ಸೆಟ್. ನಾಲ್ಕು ಭೇಟಿಗಳ ಒಂದು ಸುತ್ತಿನಲ್ಲಿ ಮುಖ್ಯ ವ್ಯಾಯಾಮಗಳು ಸ್ಥಾನ ಬದಲಿಸುತ್ತವೆ: ಮೊದಲ ಭೇಟಿಗೆ ಸ್ಕ್ವಾಟ್ ಭಾರವಾಗಿ, ಬೆಂಚ್ ಹಗುರವಾಗಿ; ಎರಡನೆಯದಕ್ಕೆ ಪ್ರೆಸ್ ಭಾರವಾಗಿ, ಡೆಡ್‌ಲಿಫ್ಟ್ ಹಗುರವಾಗಿ; ಮೂರನೆಯದಕ್ಕೆ ಬೆಂಚ್ ಭಾರವಾಗಿ, ಸ್ಕ್ವಾಟ್ ಹಗುರವಾಗಿ; ನಾಲ್ಕನೆಯದಕ್ಕೆ ಡೆಡ್‌ಲಿಫ್ಟ್ ಭಾರವಾಗಿ, ಪ್ರೆಸ್ ಹಗುರವಾಗಿ. ವಾರಕ್ಕೆ ಮೂರೇ ಭೇಟಿಯಾದರೂ ಸರದಿಯನ್ನು ಹಾಗೇ ಮುಂದುವರಿಸಬಹುದು, ನಾಲ್ಕನೆಯದು ಮುಂದಿನ ಸೋಮವಾರಕ್ಕೆ ಬೀಳುತ್ತದೆ. ಶಕ್ತಿಗೆ ಬೇಕಾದ ಭಾರವೂ, ಸ್ನಾಯು ಬೆಳೆಯಲು ಬೇಕಾದ ಒಟ್ಟು ಕೆಲಸವೂ ಒಂದೇ ಪಟ್ಟಿಯಲ್ಲಿ ದೊರೆಯುವುದರಿಂದ ನಿಮ್ಮ ಎರಡೂ ಗುರಿಗಳಿಗೆ ಇದು ಸಲ್ಲುತ್ತದೆ. ವಾರ್ಮ್‌ಅಪ್ ಸೇರಿ ಐವತ್ತು ನಿಮಿಷದಲ್ಲಿ ಮುಗಿಯುತ್ತದೆ.

ಇದಕ್ಕೊಂದು ಬೆಲೆಯಿದೆ, ಮರೆಮಾಚುವುದಿಲ್ಲ. ಸರದಿಯ ಪ್ರಕಾರ ಭಾರವಾದ ಸ್ಕ್ವಾಟ್ ಒಂಬತ್ತು ಹತ್ತು ದಿನಕ್ಕೊಮ್ಮೆ ಮಾತ್ರ ಬರುತ್ತದೆ. ಪ್ರತಿ ಸಲ 5 ಕೆ.ಜಿ. ಏರಿಸಿದರೂ ತಿಂಗಳಿಗೆ 15 ಕೆ.ಜಿ. ಆಗುತ್ತದೆ, ಸ್ಟ್ರಾಂಗ್‌ಲಿಫ್ಟ್ಸ್‌ನ ಅರ್ಧ. ಬೆಂಚ್ ತಿಂಗಳಿಗೆ 7.5 ಕೆ.ಜಿ. ಮೊದಲ ಎರಡು ತಿಂಗಳು ಸ್ಟ್ರಾಂಗ್‌ಲಿಫ್ಟ್ಸ್ ಮಾಡುವ ಗೆಳೆಯ ನಿಮ್ಮನ್ನು ಹಿಂದೆ ಹಾಕುತ್ತಾನೆ.

ಆಮೇಲಿನ ಕಥೆ ಬೇರೆ, ನನ್ನ ಆಯ್ಕೆ ನಿಂತಿರುವುದೇ ಅಲ್ಲಿ. ಸ್ಟ್ರಾಂಗ್‌ಲಿಫ್ಟ್ಸ್‌ನಲ್ಲಿ ಒಂದೇ ಭಾರಕ್ಕೆ ಮೂರು ಸಲ ಸೋತರೆ ಶೇ 10 ಇಳಿಸಿ ಮತ್ತೆ ಅದೇ 5×5ರಲ್ಲಿ ಹತ್ತಬೇಕು. ಮೊದಲ ಸಲ ಇದು ಫಲಿಸುತ್ತದೆ. ಎರಡನೆಯ ಸಲ ಹಿಂದಿನ ಗೋಡೆಗೇ ಬಂದು ನಿಲ್ಲುವವರೇ ಹೆಚ್ಚು, ಏಕೆಂದರೆ ಬದಲಾದದ್ದು ಭಾರ ಮಾತ್ರ, ಕೆಲಸದ ಸ್ವರೂಪ ಅಲ್ಲ. ಮೂರನೆಯ ಸಲಕ್ಕೆ ಹುಡುಗರು ಪಟ್ಟಿಯನ್ನೇ ಬಿಟ್ಟು ಚೆಸ್ಟ್ ಡೇಗೆ ಮರಳುತ್ತಾರೆ. ಜಿಝೆಡ್‌ಸಿಎಲ್‌ಪಿಯಲ್ಲಿ ಐದು ಸೆಟ್ಟಿನ ಮೂರು ರೆಪ್ ಸಾಧ್ಯವಾಗದ ದಿನದ ನಂತರ ಭಾರ ಇಳಿಸುವುದಿಲ್ಲ. ಅಲ್ಲಿಂದ ಎರಡು ರೆಪ್‌ಗಳ ಆರು ಸೆಟ್ಟಿಗೆ ಬದಲಿಸಿ ಏರಿಸುತ್ತ ಹೋಗುತ್ತೀರಿ, ಅದೂ ನಿಂತಾಗ ಒಂದೊಂದೇ ರೆಪ್ಪಿನ ಹತ್ತು ಸೆಟ್. ಅದೂ ಮುಗಿದರೆ ಐದು ರೆಪ್‌ಗೆ ಆಗುವ ಹೊಸ ಗರಿಷ್ಠವನ್ನು ಅಳೆದು, ಅದರ ಶೇ 85ರಿಂದ ಮೊದಲ ಮೆಟ್ಟಿಲಿಗೆ ಮರಳುವುದು. ಎರಡನೆಯ ಸ್ತರದಲ್ಲೂ ಹೀಗೆಯೇ ಹತ್ತು ರೆಪ್ ಎಂಟಾಗಿ, ಎಂಟು ಆರಾಗಿ ಬದಲಾಗುತ್ತದೆ. ಒಂದು ವ್ಯಾಯಾಮ ನಿಂತರೂ ಉಳಿದವು ತಮ್ಮ ಪಾಡಿಗೆ ಏರುತ್ತಿರುತ್ತವೆ. ಸೋಲಿಗೆ ಮೊದಲೇ ಬರೆದಿಟ್ಟ ಉತ್ತರ ಇರುವುದರಿಂದ ನೀವು ಆ ಸಂಜೆ ಹೊಸ ಕಾರ್ಯಕ್ರಮ ಹುಡುಕುತ್ತ ಕೂರಬೇಕಾಗಿಲ್ಲ.

ಪಟ್ಟಿಗಿಂತ ಹೆಚ್ಚಾಗಿ ನಿಮ್ಮನ್ನು ಕಾಡಬಹುದಾದದ್ದು ಜಿಮ್ಮಿನ ಸಾಮಾನು. ಪುರುಷರ ಸ್ಪರ್ಧಾತ್ಮಕ ವೇಟ್‌ಲಿಫ್ಟಿಂಗ್ ರಾಡ್ 20 ಕೆ.ಜಿ., ಮಹಿಳೆಯರದು 15 ಕೆ.ಜಿ. ನಮ್ಮ ಊರುಗಳ ಜಿಮ್ಮುಗಳಲ್ಲಿ ಬಿದ್ದಿರುವ ರಾಡುಗಳಿಗೆ ಹಾಗೆ ಲೆಕ್ಕವಿಲ್ಲ. ಒಂದೇ ಉದ್ದದ ಎರಡು ರಾಡುಗಳ ನಡುವೆ ಮೂರು ನಾಲ್ಕು ಕೆ.ಜಿ. ವ್ಯತ್ಯಾಸ ಇರಬಹುದು. ತೂಕದ ಯಂತ್ರದ ಮೇಲೆ ಬರಿಗೈಯಲ್ಲಿ ಒಮ್ಮೆ, ರಾಡ್ ಹಿಡಿದು ಒಮ್ಮೆ ನಿಂತು ಎರಡರ ವ್ಯತ್ಯಾಸ ನೋಡಿಕೊಳ್ಳಿ. ಪ್ರತಿ ಸಲವೂ ಅದೇ ರಾಡ್ ಸಿಗುವಂತೆ ಅದರ ತುದಿಗೆ ಬಣ್ಣದ ಟೇಪ್ ಸುತ್ತಿಡಿ.

ಇನ್ನೊಂದು, ಸಣ್ಣ ಪ್ಲೇಟುಗಳು. ಹಲವು ಕಡೆ 2.5 ಕೆ.ಜಿ.ಯೇ ಅತಿ ಸಣ್ಣದು, ಎರಡೂ ಬದಿಗೆ ಹಾಕಿದರೆ ಒಮ್ಮೆಗೆ 5 ಕೆ.ಜಿ. 80 ಕೆ.ಜಿ.ಯ ಸ್ಕ್ವಾಟ್‌ಗೆ ಅದು ಶೇ 6ರಷ್ಟು ಏರಿಕೆ, 30 ಕೆ.ಜಿ.ಯ ಓವರ್‌ಹೆಡ್ ಪ್ರೆಸ್‌ಗೆ ಶೇ 17ರಷ್ಟು. ಪ್ರೆಸ್ ನಿಂತುಹೋಯಿತು, ಭುಜ ದುರ್ಬಲ ಎಂದು ಕೊರಗುವವರಲ್ಲಿ ಎಷ್ಟೋ ಮಂದಿಗೆ ದುರ್ಬಲವಾಗಿರುವುದು ಭುಜವಲ್ಲ, ಲೆಕ್ಕ. ಒಂದು ಜೊತೆ 1.25 ಕೆ.ಜಿ. ಪ್ಲೇಟುಗಳನ್ನು ಸ್ವಂತಕ್ಕೆ ಕೊಂಡು ಬ್ಯಾಗಿನಲ್ಲಿ ಇಟ್ಟುಕೊಳ್ಳಿ, ನಿಮ್ಮ ಜಿಮ್ಮಿನ ರಾಡಿನ ದಪ್ಪಕ್ಕೆ ಅದರ ತೂತು ಹೊಂದುತ್ತದೆಯೇ ಎಂದು ಮೊದಲು ನೋಡಿ. ಪ್ಲೇಟು ಸಿಗದಿದ್ದರೆ ಕಾಲಿಗೆ ಕಟ್ಟುವ ಅರ್ಧ, ಒಂದು ಕೆ.ಜಿ.ಯ ಪಟ್ಟಿಗಳನ್ನು ರಾಡಿನ ಎರಡೂ ತುದಿಗೆ ಸುತ್ತಿದರೂ ಕೆಲಸ ನಡೆಯುತ್ತದೆ.

ಡೆಡ್‌ಲಿಫ್ಟ್‌ನಲ್ಲಿಯೂ ಪ್ಲೇಟಿನದೇ ತೊಡಕು. ಸ್ಪರ್ಧೆಯ ದೊಡ್ಡ ಪ್ಲೇಟಿನ ವ್ಯಾಸ 45 ಸೆಂ.ಮೀ., ಹಾಗಾಗಿ ರಾಡ್ ನೆಲದಿಂದ ಇಪ್ಪತ್ತೆರಡೂವರೆ ಸೆಂ.ಮೀ. ಎತ್ತರದಲ್ಲಿ, ಮೊಣಕಾಲಿನ ಕೆಳಗೆ ಸುಮಾರು ನಡುಮೀನಖಂಡದ ಮಟ್ಟಕ್ಕೆ ಇರುತ್ತದೆ. ನೀವು ಆರಂಭಿಸುವ 40 ಕೆ.ಜಿ.ಗೆ 10 ಕೆ.ಜಿ.ಯ ಸಣ್ಣ ಕಬ್ಬಿಣದ ಪ್ಲೇಟುಗಳು ಸಾಕು, ಆದರೆ ಆಗ ರಾಡ್ ತೀರ ತಗ್ಗಿನಲ್ಲಿ ಕೂರುತ್ತದೆ, ಅದನ್ನು ಹಿಡಿಯಲು ಹೋದಾಗ ಸೊಂಟ ಗೂನಾಗುತ್ತದೆ. ಅದು ನಿಮ್ಮ ಬೆನ್ನಿನ ದೋಷವಲ್ಲ. ಎರಡೂ ಬದಿಗೆ ಮರದ ದಿಮ್ಮಿ ಅಥವಾ ಅಡ್ಡ ಮಲಗಿಸಿದ ಪ್ಲೇಟುಗಳನ್ನಿಟ್ಟು ರಾಡನ್ನು ಆ ಎತ್ತರಕ್ಕೆ ತಂದುಕೊಳ್ಳಿ.

ಸ್ಮಿತ್ ಮಷೀನ್‌ನಲ್ಲಿ ಎತ್ತುತ್ತಿದ್ದ ಭಾರವನ್ನು ಮರೆತುಬಿಡಿ. ಅಲ್ಲಿ ರಾಡ್ ಹಳಿಯ ಮೇಲೆ ಓಡುವುದರಿಂದ ಸಮತೋಲನದ ಕೆಲಸವೆಲ್ಲ ಯಂತ್ರದ್ದು. ಬಿಡಿ ರಾಡಿನ ಸ್ಕ್ವಾಟನ್ನು ಮೊದಲ ವಾರ ಖಾಲಿ ರಾಡಿನಲ್ಲೇ ಕಲಿಯಿರಿ, ತೊಡೆಯ ಬುಡ ಮೊಣಕಾಲಿಗಿಂತ ಕೆಳಗೆ ಬರುವವರೆಗೆ ಕೂರಿ, ಪಕ್ಕದಿಂದ ಮೊಬೈಲಿನಲ್ಲಿ ಚಿತ್ರಿಸಿ ನೋಡಿಕೊಳ್ಳಿ. ಮೆತ್ತನೆಯ ಅಡಿಯ ರನ್ನಿಂಗ್ ಶೂ ಬಿಟ್ಟು ಗಟ್ಟಿ ಅಡಿಯ ಕ್ಯಾನ್ವಾಸ್ ಶೂ ಹಾಕಿ. ಭಾರವಾದ ಸ್ತರಕ್ಕೆ ಸ್ಕ್ವಾಟ್ 30, ಬೆಂಚ್ 35, ಡೆಡ್‌ಲಿಫ್ಟ್ 40, ಪ್ರೆಸ್ ಖಾಲಿ ರಾಡಿನಿಂದ ಹೊರಡಿ. ಹಗುರ ಸ್ತರಕ್ಕೆ ಅವುಗಳ ಮೂರನೇ ಎರಡರಷ್ಟು ಸಾಕು, ರಾಡಿನ ತೂಕಕ್ಕಿಂತ ಕಡಿಮೆ ಬಂದಲ್ಲಿ ಡಂಬೆಲ್ ಹಿಡಿಯಿರಿ. ಇಷ್ಟು ಕಡಿಮೆಯಿಂದ ಶುರುಮಾಡಲು ನಾಚಿಕೆಯೆನಿಸಬಹುದು, ಮೂರು ತಿಂಗಳು ಸೋಲದೆ ಏರಲು ಜಾಗ ಸಿಗುವುದು ಅದರಿಂದಲೇ. ಒಬ್ಬರೇ ಬೆಂಚ್ ಮಾಡುವ ದಿನ ರಾಡಿನ ತುದಿಯ ಕ್ಲಿಪ್ ಹಾಕಬೇಡಿ, ಸಿಕ್ಕಿಹಾಕಿಕೊಂಡರೆ ಒಂದು ಬದಿಗೆ ವಾಲಿಸಿ ಪ್ಲೇಟು ಜಾರಿಸಿಬಿಡಬಹುದು. ರಕ್ತದೊತ್ತಡ ಅಥವಾ ಹರ್ನಿಯಾ ಇದ್ದರೆ ಉಸಿರು ಬಿಗಿಹಿಡಿದು ಎತ್ತುವ ಮುನ್ನ ವೈದ್ಯರನ್ನು ಕೇಳಲೇಬೇಕು.

ಭಾರ ನಿಂತಿತೆಂದು ತೀರ್ಮಾನಿಸುವ ಮುನ್ನ ನಿಮ್ಮ ತೂಕವನ್ನು ನೋಡಿ. ಎಂಟು ತಿಂಗಳಲ್ಲಿ ಅದು ಏರಿಲ್ಲವಾದರೆ ತಿನ್ನುವುದು ಸಾಲದು. ತರಬೇತಿ ಮಾಡುವವರಿಗೆ ಮೈತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 1.6 ಗ್ರಾಂ ಪ್ರೋಟೀನ್ ಒಳ್ಳೆಯ ಗುರಿ. ನಿಮಗೆ ಅದು 93 ಗ್ರಾಂ. ಮೂರು ಮೊಟ್ಟೆಯಿಂದ 18, ಅರ್ಧ ಲೀಟರ್ ಹಾಲಿನಿಂದ 16, ಒಣಗಿದ 50 ಗ್ರಾಂ ಸೋಯಾ ಚಂಕ್ಸ್‌ನಿಂದ 26, ಒಂದು ಹಿಡಿ ಹುರುಳಿಕಾಳು ಅಥವಾ ಬೇಳೆಯಿಂದ 12, ಒಂದು ಬಟ್ಟಲು ಮೊಸರಿನಿಂದ 5 ಗ್ರಾಂ ಬಂದರೆ, ಮಿಕ್ಕದ್ದು ಮುದ್ದೆ, ರೊಟ್ಟಿ, ಅನ್ನಗಳಲ್ಲೇ ಸೇರುತ್ತದೆ. ಮಂಡಕ್ಕಿ ಒಗ್ಗರಣೆಗೆ ಎರಡು ಹಿಡಿ ಶೇಂಗಾ ಸೇರಿಸಿಕೊಂಡರೆ ಬೇಕಾದ ಹೆಚ್ಚುವರಿ ಕ್ಯಾಲೊರಿಯೂ ಬಂತು. ತಿಂಗಳಿಗೆ ಸುಮಾರು ಒಂದು ಕೆ.ಜಿ. ತೂಕ ಏರಲಿ, ಅದಕ್ಕಿಂತ ಹೆಚ್ಚಾದರೆ ಸೊಂಟಕ್ಕೆ ಹೋಗುತ್ತದೆ. ತೂಕ ಏರಿಸುವ ಪುಡಿಯೆಂದು ಮಾರುವ ಮಾಸ್ ಗೇನರ್ ಡಬ್ಬಿಯಲ್ಲಿರುವುದು ಬಹುಪಾಲು ಅಗ್ಗದ ಪಿಷ್ಟ, ಅದಕ್ಕೆ ದುಡ್ಡು ಹಾಕಬೇಡಿ. ಕೊಳ್ಳಲೇಬೇಕೆಂದಿದ್ದರೆ ಕ್ರಿಯಾಟಿನ್ ಮಾನೋಹೈಡ್ರೇಟ್ ಎಂಬ ಪೂರಕ ಪುಡಿ, ದಿನಕ್ಕೆ 3ರಿಂದ 5 ಗ್ರಾಂ. ಅದಕ್ಕೆ ಪುರಾವೆಯ ಬಲವಿದೆ, ಮಾಂಸ ತಿನ್ನದವರ ದೇಹದಲ್ಲಿ ಅದರ ಸಂಗ್ರಹ ಕಡಿಮೆಯಿರುವುದರಿಂದ ನಿಮಗೆ ಇನ್ನೂ ಹೆಚ್ಚು ಉಪಯೋಗವಾಗಬಹುದು. ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.

ಬೆಲ್ಟ್ ಈಗ ಬೇಡ. ಬೆಲ್ಟ್ ಬೆನ್ನನ್ನು ಹಿಡಿದು ನಿಲ್ಲಿಸುವುದಿಲ್ಲ. ಹೊಟ್ಟೆಯ ಸ್ನಾಯುಗಳು ಒತ್ತಲು ಒಂದು ಆಸರೆ ಕೊಡುತ್ತದೆ, ಆ ಒತ್ತಡ ಬೆನ್ನೆಲುಬಿಗೆ ಬಲ ಕೊಡುತ್ತದೆ. ಹಾಗೆ ಒತ್ತುವುದನ್ನು ಬೆಲ್ಟಿಲ್ಲದೆ ಮೊದಲು ಕಲಿತಿರಬೇಕು. ಸ್ಕ್ವಾಟ್ ನಿಮ್ಮ ಮೈತೂಕವನ್ನು ಚೆನ್ನಾಗಿ ದಾಟಿದ ಮೇಲೆ ಕೊಳ್ಳುವುದಾದರೆ, ಜಿಮ್ಮುಗಳಲ್ಲಿ ತೂಗುಹಾಕಿರುವ ಹಿಂದೆ ಅಗಲ, ಮುಂದೆ ಕಿರಿದಾದ ಬೆಲ್ಟನ್ನು ಬಿಟ್ಟು, ಸುತ್ತಲೂ ಒಂದೇ ಅಗಲವಿರುವ 10 ಸೆಂ.ಮೀ.ಯ ಚರ್ಮದ ಬೆಲ್ಟನ್ನು ನೋಡಿ.